ಸಕ್ಕರೆ ರೋಗದ ವಿದ್ಯೆ ಹಳ್ಳಿ ಮುಟ್ಟುವುದೆಂದು?

ರಾಗಿ ಬೆಳೆದು, ರಾಗಿ ಬೀಸಿ, ರಾಗಿ ಉಂಡವರ ಸೀಮೆ ಇದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ರಾಜಧಾನಿಯನ್ನು ಅರ್ಧಚಂದ್ರಾಕಾರವಾಗಿ ಬಳಸಿ ನಿಂತಿವೆ. ೧೯೮೬ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯನ್ನು ಎರಡು ಮಾಡಿದಾಗ ಇವು ಗ್ರಾಮಾಂತರ ಜಿಲ್ಲೆಯ ಪಾಲಿಗೆ ಬಂದವು. ೨೦೦೭ರಲ್ಲಿ ರಾಮನಗರದ ಕಡೆಯ ತಾಲ್ಲೂಕುಗಳು ಬೇರೆ ಜಿಲ್ಲೆಯಾಗಿ ಹೋದ ಮೇಲೆ ಈ ನಾಲ್ಕೇ ಉಳಿದವು. ೨೦೨೫ರ ಜುಲೈ ತಿಂಗಳಲ್ಲಿ ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂಬ ಹೆಸರಿಡಲು ತೀರ್ಮಾನಿಸಿತು. ಹೆಸರಿನೊಳಗಿನ ಗ್ರಾಮಾಂತರ ಅಳಿಯುವುದಕ್ಕೆ ಬಹಳ ಮೊದಲೇ ಬಾಳಿನೊಳಗಿನ ಗ್ರಾಮಾಂತರ ಅಳಿಯತೊಡಗಿತ್ತೆಂದರೆ ಅತಿಶಯೋಕ್ತಿಯಾಗಲಾರದು.

೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಸುತ್ತಣ ಹೊಲಗಳು ಬಡಾವಣೆಗಳಾಗುತ್ತ ಬಂದಿವೆ. ನೆಲಮಂಗಲದ ಹೆದ್ದಾರಿಯ ಮಗ್ಗುಲಲ್ಲಿ ಉಗ್ರಾಣಗಳೆದ್ದಿವೆ. ಹೊಸಕೋಟೆಯ ಸುತ್ತ ಕಾರ್ಖಾನೆಗಳೆದ್ದಿವೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದಂತೂ ಹಿಂದಿನಿಂದ ಇದ್ದದ್ದೇ. ದಿನವಿಡೀ ಬಾಗಿ ಏಳುತ್ತಿದ್ದ ಮೈ ಈಗ ಕಾರ್ಖಾನೆಯ ಗೇಟಿನ ಬಳಿ ಕುರ್ಚಿಯ ಮೇಲೆ ಕುಳಿತಿದೆ. ಇಲ್ಲವೇ ಬಾಡಿಗೆ ಮನೆಗಳ ಲೆಕ್ಕ ನೋಡುತ್ತಿದೆ. ತಟ್ಟೆಯಲ್ಲಿನ ಮುದ್ದೆಯ ಗಾತ್ರ ಮಾತ್ರ ಹೊಲ ಉಳುತ್ತಿದ್ದ ದಿನಗಳದೇ. ಅದರ ಜತೆಗೆ ಎರಡು ಹೊತ್ತಿನ ಅನ್ನ ಸೇರಿದೆ, ಸಂಜೆಯ ಬೋಂಡ ಸೇರಿದೆ, ದಿನಕ್ಕೆ ನಾಲ್ಕೈದು ಲೋಟ ಸಿಹಿಯಾದ ಟೀ ಸೇರಿದೆ.

ಸಕ್ಕರೆ ರೋಗವನ್ನು ಸಾಹುಕಾರರ ರೋಗವೆಂದೂ ಪೇಟೆಯವರ ರೋಗವೆಂದೂ ನಮ್ಮ ಹಿರಿಯರು ನಂಬಿದ್ದರು. ಆ ನಂಬಿಕೆಯನ್ನು ಅಂಕಿಸಂಖ್ಯೆಗಳು ಮುರಿದಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಚೆನ್ನೈಯ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದೊಡನೆ ಕೂಡಿ ೨೦೦೮ರಿಂದ ೨೦೨೦ರವರೆಗೆ ೩೧ ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ೧,೧೩,೦೪೩ ಮಂದಿ ವಯಸ್ಕರನ್ನು ಪರೀಕ್ಷಿಸಿತು. ಅದರ ಫಲ ೨೦೨೩ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ ೧೦ ಕೋಟಿ ೧೦ ಲಕ್ಷ ಮಂದಿಗೆ ಸಕ್ಕರೆ ರೋಗವಿದೆ. ಇನ್ನೂ ೧೩ ಕೋಟಿ ೬೦ ಲಕ್ಷ ಮಂದಿ ರೋಗದ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲೆಂದರೆ, ರಕ್ತದಲ್ಲಿನ ಸಕ್ಕರೆ ಸಹಜ ಮಟ್ಟವನ್ನು ದಾಟಿದೆ, ರೋಗವೆಂದು ಕರೆಯುವ ಮಟ್ಟವನ್ನು ಇನ್ನೂ ಮುಟ್ಟಿಲ್ಲ.

ಈ ಗಣತಿಯಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ರೋಗಿಗಳ ಪ್ರಮಾಣ ಪಟ್ಟಣಗಳಲ್ಲಿ ನೂರಕ್ಕೆ ೧೬.೪, ಹಳ್ಳಿಗಳಲ್ಲಿ ೮.೯, ಅಂತರ ದೊಡ್ಡದು. ಆದರೆ ಹೊಸ್ತಿಲಲ್ಲಿ ನಿಂತವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ನೂರಕ್ಕೆ ಹದಿನೈದರ ಸುಮಾರು. ಪಟ್ಟಣದವರು ಆಗಲೇ ಒಳಹೊಕ್ಕಿದ್ದಾರೆ, ಹಳ್ಳಿಯವರು ಬಾಗಿಲಲ್ಲಿದ್ದಾರೆ. ಹಳ್ಳಿ ಪಟ್ಟಣವಾಗುತ್ತಿರುವ ಇಂಥ ಜಿಲ್ಲೆಯಲ್ಲಿ ಬಾಗಿಲಿಗೂ ಒಳಮನೆಗೂ ನಡುವೆ ಎಷ್ಟು ವರ್ಷದ ಅಂತರವಿದ್ದೀತು? ಹೆಚ್ಚಿಲ್ಲವೆಂದೇ ಭಯ.

ಬಾಗಿಲಲ್ಲಿ ನಿಂತವರನ್ನು ಹಿಂದಕ್ಕೆ ಕರೆಯುವುದು ಸಾಧ್ಯವೇ? ಸಾಧ್ಯವೆಂದು ವಿಜ್ಞಾನವು ನಿಸ್ಸಂದೇಹವಾಗಿ ಹೇಳಿ ಬಹುಕಾಲವಾಯಿತು. ಚೀನಾ ದೇಶದ ದಾಚಿಂಗ್ ಎಂಬ ಊರಿನಲ್ಲಿ ೧೯೮೬ರಲ್ಲಿ ೫೭೭ ಮಂದಿಯಿಂದ ಆರಂಭವಾದ ಪ್ರಯೋಗ ಮೊದಲನೆಯದು. ೨೦೦೧ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು, ೨೦೦೨ರಲ್ಲಿ ಅಮೆರಿಕದವರು, ಊಟ ತಿದ್ದಿ, ತುಸು ತೂಕ ಇಳಿಸಿ, ವಾರಕ್ಕೆ ಕೆಲವು ಗಂಟೆ ನಡೆದರೆ ರೋಗಕ್ಕೆ ಬೀಳುವವರ ಸಂಖ್ಯೆ ನೂರಕ್ಕೆ ೫೮ರಷ್ಟು ಇಳಿಯುವುದೆಂದು ತೋರಿಸಿಕೊಟ್ಟರು. ನಮ್ಮವರ ಮೈಗೆ ಇದು ಒಪ್ಪೀತೇ ಎಂಬ ಸಂಶಯವನ್ನು ನೀಗಿದವರು ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ೨೦೦೬ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹೊಸ್ತಿಲಲ್ಲಿದ್ದ ೫೩೧ ಮಂದಿ ಸೇರಿದ್ದರು. ಸಾಮಾನ್ಯ ಸಲಹೆಯಷ್ಟನ್ನೇ ಪಡೆದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ ೫೫ ಮಂದಿ ರೋಗಿಗಳಾದರು. ಊಟ ಮತ್ತು ನಡಿಗೆಯನ್ನು ಕ್ರಮಪಡಿಸಿಕೊಂಡವರಲ್ಲಿ ೩೯ ಮಂದಿ. ಮೆಟ್‌ಫಾರ್ಮಿನ್ ಗುಳಿಗೆ ನುಂಗಿದವರಲ್ಲಿಯೂ ಫಲ ಹೆಚ್ಚುಕಡಿಮೆ ಅಷ್ಟೇ. ನಡಿಗೆ, ಗುಳಿಗೆ ಎರಡೂ ಕೂಡಿದರೂ ಅದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಹಾಗಿದ್ದರೆ ಇಷ್ಟು ವರ್ಷಗಳಾದರೂ ತೂಬಗೆರೆಯ ರೈತನಿಗೂ ಸಾಸಲಿನ ಗೃಹಿಣಿಗೂ ಈ ವಿದ್ಯೆ ಏಕೆ ಮುಟ್ಟಲಿಲ್ಲ?

ಅದಕ್ಕೆ ಕಾರಣ ಸರಳವಾದುದೇ. ಆ ಪ್ರಯೋಗಗಳಲ್ಲಿ ಸೇರಿದವರ ಬೆನ್ನಿಗೆ ಪಥ್ಯ ಬಲ್ಲವರು ನಿಂತಿದ್ದರು. ತಿಂಗಳು ತಿಂಗಳಿಗೆ ವಿಚಾರಿಸುವವರಿದ್ದರು, ತೂಕ ನೋಡುವವರಿದ್ದರು, ಬಾರದವರನ್ನು ಮನೆಗೆ ಹೋಗಿ ಕರೆಯುವವರಿದ್ದರು. ನಮ್ಮ ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ಸರ್ಕಾರದ ಲೆಕ್ಕ. ಬೆಳಗಿನ ಹೊತ್ತು ಅದರ ಮುಂದೆ ಸಾಲುಗಟ್ಟಿ ನಿಂತ ಜ್ವರ, ಕೆಮ್ಮು, ನಾಯಿಕಡಿತಗಳನ್ನು ನೋಡಿ ಮುಗಿಸುವ ವೈದ್ಯನಿಗೆ ಒಬ್ಬೊಬ್ಬರ ಮುದ್ದೆಯ ಗಾತ್ರ ವಿಚಾರಿಸುವ ಬಿಡುವೆಲ್ಲಿ? ಏನು ಮಾಡಬೇಕೆಂಬುದನ್ನು ಪ್ರಯೋಗಶಾಲೆ ಹೇಳಿಯಾಯಿತು. ಅದನ್ನು ಈ ಜನ, ಈ ಹಣ, ಈ ರಸ್ತೆ, ಈ ಆಸ್ಪತ್ರೆಗಳೊಳಗೆ ಮಾಡುವುದು ಹೇಗೆಂಬುದೇ ಇನ್ನೊಂದು ಪ್ರಶ್ನೆ. ಈ ಎರಡನೆಯ ಪ್ರಶ್ನೆಗೂ ಶಾಸ್ತ್ರಬದ್ಧವಾದ ಪರೀಕ್ಷೆ ಬೇಕು. ಅದನ್ನು ಬಲ್ಲವರು ಅನುಷ್ಠಾನ ಸಂಶೋಧನೆ ಎನ್ನುತ್ತಾರೆ. ಸೂಕ್ಷ್ಮದರ್ಶಕವಿಲ್ಲ, ಬಿಳಿ ಇಲಿಗಳಿಲ್ಲ, ನೊಬೆಲ್ ಬಹುಮಾನದ ಆಸೆಯೂ ಇಲ್ಲ. ನೋಡುವವರಿಗೆ ಇದೊಂದು ಸಂಶೋಧನೆಯೆಂದೇ ತೋರುವುದಿಲ್ಲ.

ದರ್ಜಿಯ ಟೇಪು

ಈ ಬಗೆಯ ಸಂಶೋಧನೆ ಏನು ಮಾಡಬಲ್ಲದೆಂಬುದಕ್ಕೆ ಒಂದು ನಿದರ್ಶನ ಕೊಡುವೆನು. ಹೊಸ್ತಿಲಲ್ಲಿದ್ದವರನ್ನು ಗುರುತಿಸಬೇಕಾದರೆ ಎಲ್ಲರ ರಕ್ತವನ್ನೂ ಪರೀಕ್ಷಿಸಬೇಕು. ಅದೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಮ್ಮೆ, ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ಮತ್ತೊಮ್ಮೆ. ಒಂದು ತಾಲ್ಲೂಕಿಗೆ ಇದು ಆಗುವ ಮಾತಲ್ಲ. ಚೆನ್ನೈಯ ಡಾಕ್ಟರ್ ವಿ. ಮೋಹನ್ ಮತ್ತು ಅವರ ಸಹೋದ್ಯೋಗಿಗಳು ೨೦೦೫ರಲ್ಲಿ ಒಂದು ಅಂಕಪಟ್ಟಿಯನ್ನು ಪ್ರಕಟಿಸಿದರು. ಸಾವಿರಾರು ಜನರ ರಕ್ತಪರೀಕ್ಷೆಯ ಫಲಗಳನ್ನು ಜಾಲಿಸಿ ನಾಲ್ಕೇ ನಾಲ್ಕು ಪ್ರಶ್ನೆಗಳಿಗೆ ಅವರು ಅದನ್ನು ಇಳಿಸಿದ್ದರು. ಅದಕ್ಕೆ ಬೇಕಾದ ಸಲಕರಣೆಯೆಂದರೆ ದರ್ಜಿಯ ಅಂಗಡಿಯ ಟೇಪು.

ವಾಚಕರು ಬೇಕಾದರೆ ಈಗಲೇ ಲೆಕ್ಕ ಹಾಕಿಕೊಳ್ಳಬಹುದು. ವಯಸ್ಸು ೩೫ರೊಳಗಿದ್ದರೆ ಸೊನ್ನೆ, ೩೫ರಿಂದ ೪೯ರವರೆಗೆ ೨೦ ಅಂಕ, ೫೦ ಮುಟ್ಟಿದ್ದರೆ ೩೦. ಸೊಂಟದ ಸುತ್ತಳತೆ ಹೆಂಗಸರಲ್ಲಿ ೮೦ ಸೆಂಟಿಮೀಟರಿನೊಳಗೆ, ಗಂಡಸರಲ್ಲಿ ೯೦ರೊಳಗೆ ಇದ್ದರೆ ಸೊನ್ನೆ. ಅಲ್ಲಿಂದ ಮೇಲೆ ಹತ್ತು ಸೆಂಟಿಮೀಟರಿನವರೆಗೆ ೧೦ ಅಂಕ, ಅದನ್ನೂ ಮೀರಿದರೆ ೨೦. ಮೈಮುರಿಯುವ ಕೆಲಸ, ವ್ಯಾಯಾಮ ಎರಡೂ ಇದ್ದವರಿಗೆ ಸೊನ್ನೆ, ಒಂದೇ ಇದ್ದವರಿಗೆ ೨೦, ಯಾವುದೂ ಇಲ್ಲದವರಿಗೆ ೩೦. ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ೧೦, ಇಬ್ಬರಿಗೂ ಇದ್ದರೆ ೨೦. ಒಟ್ಟು ೬೦ ಮುಟ್ಟಿದವರು ರಕ್ತಪರೀಕ್ಷೆಗೆ ಮೊದಲು ಹೋಗಬೇಕಾದವರು. ಐವತ್ತೆರಡು ವರ್ಷದ, ಸೊಂಟ ೮೬ ಸೆಂಟಿಮೀಟರಿನ, ಮನೆಗೆಲಸವಷ್ಟೇ ಇರುವ, ತಾಯಿಗೆ ರೋಗವಿದ್ದ ಹೆಂಗಸೊಬ್ಬಳನ್ನು ಎಣಿಸಿಕೊಳ್ಳಿ. ಮನೆಗೆಲಸವನ್ನು ಮೈಮುರಿಯುವ ಕೆಲಸವೆಂದು ನಾವು ಧಾರಾಳವಾಗಿ ಒಪ್ಪಿಕೊಂಡರೂ ಆಕೆಗೆ ೭೦ ಅಂಕಗಳಾದವು.

ಸೊಂಟದ ವಿಷಯದಲ್ಲಿ ಒಂದು ಮಾತು. ಲುಂಗಿ ಕಟ್ಟುವ ಜಾಗ ಬೇರೆ, ಅಳೆಯಬೇಕಾದ ಜಾಗ ಬೇರೆ. ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಟೇಪನ್ನು ಸುತ್ತಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡು ಅಂಕಗಳನ್ನು ತಪ್ಪಿಸಿಕೊಳ್ಳಬಾರದು!

ಇದೇ ಜಾಡಿನಲ್ಲಿ ತಂಬಾಕು, ಮದ್ಯಗಳ ಪ್ರಶ್ನೆಗಳನ್ನೂ ಸೇರಿಸಿದ ಒಂದು ನಮೂನೆಯನ್ನು ಕೇಂದ್ರ ಸರ್ಕಾರವು ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿದೆ. ಮೂವತ್ತು ದಾಟಿದ ಪ್ರತಿಯೊಬ್ಬರನ್ನೂ ಅವರು ಮನೆಯ ಜಗುಲಿಯಲ್ಲಿಯೇ ಕುಳ್ಳಿರಿಸಿ ಪ್ರಶ್ನಿಸಿ ತುಂಬಬೇಕಾದ ಪತ್ರ ಅದು. ನಾಲ್ಕು ಅಂಕ ಮೀರಿದವರನ್ನು ಪರೀಕ್ಷೆಗೆ ಮೊದಲು ಕಳುಹಿಸಬೇಕು. ಕರ್ನಾಟಕ ಸರ್ಕಾರದ ಗೃಹ ಆರೋಗ್ಯ ಯೋಜನೆ ೨೦೨೪ರ ಅಕ್ಟೋಬರಿನಲ್ಲಿ ಹೊಸಕೋಟೆಯ ಆಚೆಗಿನ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ, ಮರುವರ್ಷ ಇತರ ಜಿಲ್ಲೆಗಳಿಗೂ ಹರಡಿತು. ಪರೀಕ್ಷೆ ಮನೆಬಾಗಿಲಿಗೆ ಬಂದಿತೆಂಬುದು ಸಣ್ಣ ಸಂಗತಿಯಲ್ಲ.

ಊಹೆ ಕೈಕೊಟ್ಟ ಕಡೆ

ಗುರುತಿಸಿದ್ದಾಯಿತು. ಮುಂದೇನು? ಇಲ್ಲಿಯೇ ತೊಡಕು. ಹಳ್ಳಿಯಲ್ಲಿ ಇಂಥದು ಫಲಿಸೀತೆಂದು ಬುದ್ಧಿವಂತರು ಊಹಿಸುವುದು ಬೇರೆ, ನಿಜವಾಗಿ ಫಲಿಸುವುದು ಬೇರೆ. ಮೂರು ಪರೀಕ್ಷೆಗಳ ಕಥೆಯನ್ನು ಕೇಳಿ.

ಮೊದಲನೆಯದು ಚೆನ್ನೈಯ ಅದೇ ರಾಮಚಂದ್ರನ್ ಅವರದು, ೨೦೧೩ರಲ್ಲಿ ಪ್ರಕಟವಾಯಿತು. ಹೊಸ್ತಿಲಲ್ಲಿದ್ದ, ಉದ್ಯೋಗಸ್ಥರಾದ ೫೩೭ ಮಂದಿ ಗಂಡಸರಲ್ಲಿ ಅರ್ಧದಷ್ಟು ಮಂದಿಯ ಮೊಬೈಲಿಗೆ ಊಟ, ನಡಿಗೆಗಳನ್ನು ನೆನಪಿಸುವ ಕಿರುಸಂದೇಶಗಳು ಹೋಗುತ್ತಿದ್ದವು. ಎರಡು ವರ್ಷಗಳಲ್ಲಿ ಸಂದೇಶ ಪಡೆಯದವರಲ್ಲಿ ನೂರಕ್ಕೆ ೨೭ ಮಂದಿ, ಪಡೆದವರಲ್ಲಿ ೧೮ ಮಂದಿ ರೋಗಿಗಳಾದರು. ಎರಡು ಸಾಲಿನ ಸಂದೇಶ ಇಷ್ಟು ಮಾಡೀತೆಂದು ಯಾರೂ ನಿರೀಕ್ಷಿಸಿರಲಾರರು.

ಎರಡನೆಯದು ಕೇರಳದ್ದು. ತಿರುವನಂತಪುರ ಜಿಲ್ಲೆಯ ೬೦ ಮತಗಟ್ಟೆ ಪ್ರದೇಶಗಳನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನಲ್ಲಿ ಊರಿನವರೇ ಆದ ಮುಂದಾಳುಗಳಿಗೆ ತರಬೇತಿ ಕೊಟ್ಟು, ನೆರೆಹೊರೆಯವರನ್ನು ಕೂಡಿಸಿ, ಒಂದು ವರ್ಷ ಸಭೆಗಳನ್ನು ನಡೆಸಿದರು. ಸೇರಿದವರು ೧,೦೦೭ ಮಂದಿ. ಎಷ್ಟು ಚೆಂದದ ಏರ್ಪಾಡು! ನಾನಾಗಿದ್ದರೆ ಇದಕ್ಕೇ ಪಣ ಕಟ್ಟುತ್ತಿದ್ದೆ. ೨೦೧೮ರಲ್ಲಿ ಪ್ರಕಟವಾದ ಫಲ: ಎರಡು ವರ್ಷಗಳಲ್ಲಿ ಸಭೆಯಿದ್ದ ಕಡೆ ನೂರಕ್ಕೆ ೧೪.೯, ಇಲ್ಲದ ಕಡೆ ೧೭.೧ ಮಂದಿ ರೋಗಿಗಳಾದರು. ಅಂತರವುಂಟು, ಆದರೆ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಸಭೆಗೆ ಬಂದವರು ಹಣ್ಣು ತರಕಾರಿಗಳನ್ನು ಹೆಚ್ಚಾಗಿ ತಿಂದರು, ಗಂಡಸರು ಕುಡಿತವನ್ನು ಕಡಮೆ ಮಾಡಿದರು ಎಂಬುದು ಉಳಿದ ಲಾಭ.

ಮೂರನೆಯದು ನಮ್ಮ ರಾಜ್ಯದಲ್ಲಿಯೇ ನಡೆದುದು. ಕರ್ನಾಟಕ ಮತ್ತು ಹರಿಯಾಣಗಳ ೪೦ ಸಮುದಾಯ ಆರೋಗ್ಯ ಕೇಂದ್ರಗಳನ್ನು ಹಾಗೆಯೇ ಎರಡು ಪಾಲು ಮಾಡಿದರು. ರಕ್ತದೊತ್ತಡ ಅಥವಾ ಸಕ್ಕರೆ ರೋಗವಿದ್ದ ೩,೬೯೮ ಮಂದಿ ಸೇರಿದರು. ಒಂದು ಪಾಲಿನಲ್ಲಿ ದಾದಿಯ ಕೈಗೆ ಒಂದು ಗಣಕ ಫಲಕ ಕೊಟ್ಟರು. ರೋಗಿಯ ವಿವರಗಳನ್ನು ತುಂಬಿದರೆ ಯಾವ ಔಷಧ, ಎಷ್ಟು, ಮುಂದಿನ ಭೇಟಿ ಎಂದು ಎಂಬುದನ್ನು ಅದು ವೈದ್ಯನಿಗೆ ಸೂಚಿಸುವುದು. ಮತ್ತೊಂದು ಪಾಲಿನಲ್ಲಿ ವೈದ್ಯರಿಗೂ ದಾದಿಯರಿಗೂ ಚಿಕಿತ್ಸಾಕ್ರಮದ ತರಬೇತಿ ಮಾತ್ರ. ಒಂದು ವರ್ಷದ ಮೇಲೆ ನೋಡಿದರೆ ಎರಡೂ ಕಡೆ ರಕ್ತದೊತ್ತಡ ಇಳಿದಿತ್ತು, ಎರಡೂ ಕಡೆ ಸಕ್ಕರೆ ಇಳಿದಿತ್ತು. ಫಲಕವಿದ್ದ ಕಡೆಗೂ ಇಲ್ಲದ ಕಡೆಗೂ ಹೇಳತಕ್ಕ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಸೋಲೆನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ಆ ಪರೀಕ್ಷೆ ನಡೆಯದೆ ಇದ್ದಿದ್ದರೆ ಏನಾಗುತ್ತಿತ್ತು? ಯಾರೋ ಒಬ್ಬ ಅಧಿಕಾರಿಯ ಉತ್ಸಾಹದಿಂದ ರಾಜ್ಯದ ಸಮಸ್ತ ಆಸ್ಪತ್ರೆಗಳಿಗೂ ಫಲಕಗಳನ್ನು ಕೊಂಡು ಹಂಚಿ, ಉದ್ಘಾಟನೆ ಮಾಡಿ, ಕೈತೊಳೆದುಕೊಳ್ಳಬಹುದಾಗಿತ್ತು. ಆ ದುಡ್ಡಿನಲ್ಲಿ ಎಷ್ಟೊಂದು ದಾದಿಯರನ್ನು ನೇಮಿಸಿಕೊಳ್ಳಬಹುದು! ತರಬೇತಿ ಪಡೆದ ದಾದಿಯೊಬ್ಬಳು ರೋಗಿಯೊಡನೆ ಕುಳಿತು ಮಾತನಾಡುವುದರಲ್ಲಿಯೇ ಅರ್ಧ ಗುಣವಿದ್ದೀತೆಂದು ನನ್ನ ಅನುಮಾನ. ಅನುಮಾನವನ್ನು ಸಿದ್ಧಾಂತವೆಂದು ಹೇಳಲು ಮತ್ತೊಂದು ಪರೀಕ್ಷೆಯೇ ಬೇಕು.

ಮಿಷನ್ ಆಸ್ಪತ್ರೆಯ ಹಳೆಯ ದಫ್ತರ

ಇಂಥ ಸಂಶೋಧನೆಗೆ ಎಷ್ಟು ದೀರ್ಘವಾದ ಉಸಿರು ಬೇಕೆಂಬುದನ್ನು ಅರಿಯಬೇಕಾದರೆ ಮೈಸೂರಿಗೆ ಹೋಗಬೇಕು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ೧೯೦೬ರಲ್ಲಿ ತೆರೆಯಿತು. ೧೯೩೪ರಿಂದ ಮುಂದಕ್ಕೆ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಸೂಲಗಿತ್ತಿಯರು ದಫ್ತರದಲ್ಲಿ ಬರೆದಿಟ್ಟಿದ್ದರು. ಏತಕ್ಕೆ ಬರೆಯುತ್ತಿರುವೆವೆಂದು ಆ ತಾಯಂದಿರಿಗೆ ಆಗ ಹೊಳೆದಿರಲಾರದು. ಅರ್ಧ ಶತಮಾನ ಕಳೆದ ಮೇಲೆ ಇಂಗ್ಲೆಂಡಿನ ಡಾಕ್ಟರ್ ಕ್ಯಾರೊಲೀನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ದಫ್ತರಗಳನ್ನು ಬಿಚ್ಚಿ, ಆಸ್ಪತ್ರೆಯ ಸುತ್ತಣ ಬೀದಿಗಳಲ್ಲಿ ಮನೆಮನೆಗೂ ಹೋಗಿ, ಆ ಕೂಸುಗಳು ಈಗ ಯಾರೆಂದು ಹುಡುಕಿದರು. ಸಿಕ್ಕವರು ನಡುವಯಸ್ಸಿನ ಗೃಹಸ್ಥರು. ೧೯೯೮ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ೫೦೬ ಮಂದಿಯ ವಿವರವಿದೆ. ಹುಟ್ಟಿದಾಗ ಗಿಡ್ಡವಾಗಿಯೂ ಉದ್ದಕ್ಕೆ ಹೋಲಿಸಿದರೆ ದುಂಡಾಗಿಯೂ ಇದ್ದವರಲ್ಲಿ, ಬಸುರಿನಲ್ಲಿ ಹೆಚ್ಚು ತೂಕವಿದ್ದ ತಾಯಂದಿರ ಮಕ್ಕಳಲ್ಲಿ, ಸಕ್ಕರೆ ರೋಗ ಹೆಚ್ಚಾಗಿ ಕಂಡಿತು. ರೋಗದ ಬೀಜ ಬಸಿರಿನಲ್ಲಿಯೇ ಬಿದ್ದಿರಬಹುದೆಂಬ ವಿಚಾರಕ್ಕೆ ಮೈಸೂರು ಹೀಗೊಂದು ಸಾಕ್ಷಿ ಒದಗಿಸಿತು.

ಅಷ್ಟಕ್ಕೆ ಅವರು ನಿಲ್ಲಲಿಲ್ಲ. ೧೯೯೭–೯೮ರಲ್ಲಿ ಅದೇ ಆಸ್ಪತ್ರೆಗೆ ಬಂದ ೮೩೦ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನವೆಂಬುದನ್ನು ಆರಂಭಿಸಿದರು. ಅವರಲ್ಲಿ ನೂರಕ್ಕೆ ೬.೨ ಮಂದಿಗೆ ಬಸಿರಿನ ಕಾಲದ ಸಕ್ಕರೆ ರೋಗವಿತ್ತು. ಡಾಕ್ಟರ್ ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷ ವರ್ಷವೂ ಬಿಡದೆ ಅಳೆಯುತ್ತ ಬಂದರು. ರೋಗವಿದ್ದ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಾಗಿತ್ತು. ಒಂಬತ್ತು ಹತ್ತರ ಹೊತ್ತಿಗೆ ರಕ್ತದ ಸಕ್ಕರೆಯೂ ಇನ್ಸುಲಿನ್ನಿಗೆ ಮೈಯ ಜಡತೆಯೂ ಇತರರಿಗಿಂತ ಮೇಲಿದ್ದವು. ತಾಯಿಯ ಒಂಬತ್ತು ತಿಂಗಳು ಮಗುವಿನ ಒಂಬತ್ತನೆಯ ವರ್ಷದಲ್ಲಿ ಲೆಕ್ಕ ಒಪ್ಪಿಸಿತು.

ಬೆಂಗಳೂರಿನಲ್ಲಿ ೨೦೧೬ರಿಂದ ಸರ್ಕಾರಿ ಆಸ್ಪತ್ರೆಗಳ ಗರ್ಭಿಣಿಯರನ್ನು ಸೇರಿಸಿಕೊಂಡು ಡಾಕ್ಟರ್ ಗಿರಿಧರ ಬಾಬು ಅವರು ಆರಂಭಿಸಿದ ಅಧ್ಯಯನವೂ ಇದೇ ಜಾಡಿನದು. ಆಂಗ್ಲ ಅಕ್ಷರಗಳನ್ನು ಜೋಡಿಸಿ ಅದಕ್ಕಿಟ್ಟ ಹೆಸರು ‘ಮಾಸ್ತಿ’ ಎಂದಾಗುತ್ತದೆ. ಕನ್ನಡಿಗರ ಕಿವಿಗೆ ಅದರಷ್ಟು ಹಿತವಾದ ಹೆಸರು ಮತ್ತೊಂದಿಲ್ಲ.

ಹೊರೆ ಹೊತ್ತವಳು

ಮೈಸೂರಿನ ದಫ್ತರ ಬರೆದವರು ಸೂಲಗಿತ್ತಿಯರು. ಇಂದಿನ ದಫ್ತರ ಬರೆಯುವವಳು ಆಶಾ. ಸುಮಾರು ಸಾವಿರ ಜನಕ್ಕೆ ಒಬ್ಬಳು. ಲಸಿಕೆ, ಹೆರಿಗೆ, ಕ್ಷಯ, ಕುಷ್ಠ, ಸೊಳ್ಳೆ, ಎಲ್ಲವೂ ಅವಳ ತಲೆಯ ಮೇಲೆ. ಮೇಲಿನಿಂದ ಸಕ್ಕರೆ ರೋಗದ ಪತ್ರ. ಒಂದು ಪತ್ರ ತುಂಬಿದರೆ ಹತ್ತು ರೂಪಾಯಿ ಪ್ರೋತ್ಸಾಹಧನವೆಂದು ಗೊತ್ತುಮಾಡಿದ್ದರು. ೨೦೨೫ರ ಜನವರಿಯ ಚಳಿಯಲ್ಲಿ ರಾಜ್ಯದ ನಾನಾ ಕಡೆಯ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲೂ ರಾತ್ರ್ರಿ ಕುಳಿತರು. ತಿಂಗಳಿಗೆ ಕನಿಷ್ಠ ಹತ್ತು ಸಾವಿರ ರೂಪಾಯಿ ದೊರೆಯುವಂತೆ ಮಾಡುವುದಾಗಿ ಸರ್ಕಾರ ಆಶ್ವಾಸನೆ ಕೊಟ್ಟ ಮೇಲೆ ಎದ್ದರು. ಯಾವ ವಿಜ್ಞಾನಿಯ ಯಾವ ಯೋಜನೆಯಾದರೂ ಕಟ್ಟಕಡೆಗೆ ಬಂದು ಕೂರುವುದು ಈಕೆಯ ಹೆಗಲ ಮೇಲೆಯೇ. ಆದುದರಿಂದ ಈ ಹೆಗಲು ಎಷ್ಟು ಹೊರಬಲ್ಲದೆಂದು ಅಳೆಯದ ಸಂಶೋಧನೆ ಅರ್ಧ ಸಂಶೋಧನೆ.

ರಾಮನಗರ ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ಸಕ್ಕರೆ ರೋಗವೋ ಹೃದಯದ ತೊಂದರೆಯೋ ಇದ್ದವರಲ್ಲಿ ಅನೇಕರಿಗೆ ಮನಸ್ಸಿನ ಕುಗ್ಗುವಿಕೆಯೂ ಜತೆಗೂಡಿರುತ್ತದೆ. ಮನಸ್ಸು ಕುಗ್ಗಿದವನು ನಡೆಯುವುದಿಲ್ಲ, ಪಥ್ಯ ಮಾಡುವುದಿಲ್ಲ, ಗುಳಿಗೆ ಮರೆಯುತ್ತಾನೆ. ಇದನ್ನು ಮನಗಂಡ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರೊಡನೆ ಸೇರಿ, ಐವತ್ತರ ಸಮೀಪದಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಮಾಡುವ ಕ್ರಮವನ್ನು ಪರೀಕ್ಷಿಸಿದರು. ಆಶಾ ಕಾರ್ಯಕರ್ತೆಯರನ್ನೂ ಜತೆಗಿಟ್ಟುಕೊಂಡು ಹಳ್ಳಿಗಳಲ್ಲಿ ರೋಗಿಗಳ ಕೂಟಗಳನ್ನು ನಡೆಸಿದರು. ೨೦೦೭ಕ್ಕೆ ಮೊದಲಾಗಿದ್ದರೆ ಇದು ಬೆಂಗಳೂರು ಗ್ರಾಮಾಂತರದ ಅಧ್ಯಯನವೆಂದೇ ಎನಿಸಿಕೊಳ್ಳುತ್ತಿತ್ತು.

ದುಡ್ಡು ಯಾರದು?

ಈಗ ಒಂದು ಸಂಕೋಚದ ವಿಷಯಕ್ಕೆ ಬರೋಣ. ಇಷ್ಟೆಲ್ಲ ಪರೀಕ್ಷೆಗಳಿಗೆ ಹಣ ಎಲ್ಲಿಂದ ಬಂದಿತು? ಕೇರಳದ ಸಭೆಗಳಿಗೆ ಆಸ್ಟ್ರೇಲಿಯ ಸರ್ಕಾರದ ಆರೋಗ್ಯ ಸಂಶೋಧನಾ ಮಂಡಳಿಯಿಂದ. ಕರ್ನಾಟಕ–ಹರಿಯಾಣಗಳ ಫಲಕಗಳಿಗೆ ಲಂಡನ್ನಿನ ವೆಲ್ಕಮ್ ಟ್ರಸ್ಟಿನಿಂದ. ರಾಮನಗರದ ಕೂಟಗಳಿಗೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಿಂದ. ಮೈಸೂರಿನ ಮಕ್ಕಳನ್ನು ಅಳೆಯಲು ಪಾರ್ಥೆನಾನ್ ಟ್ರಸ್ಟ್, ವೆಲ್ಕಮ್ ಟ್ರಸ್ಟ್, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗಳಿಂದ. ಬೆಂಗಳೂರಿನ ಗರ್ಭಿಣಿಯರ ಅಧ್ಯಯನಕ್ಕೆ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ವೆಲ್ಕಮ್ ಟ್ರಸ್ಟೂ ಕೂಡಿ ಇಟ್ಟ ನಿಧಿಯಿಂದ. ದೇಶದ ಮಹಾಗಣತಿಗೆ ಮಾತ್ರ ನಮ್ಮದೇ ಸಂಶೋಧನಾ ಮಂಡಳಿಯ ಹಣ. ರೋಗಿಗಳನ್ನು ಎಣಿಸಲು ನಮ್ಮ ದುಡ್ಡು, ಅವರನ್ನು ಕಾಯುವ ಬಗೆ ತಿಳಿಯಲು ಹೆಚ್ಚಾಗಿ ಪರರ ದುಡ್ಡು!

ಕೊಟ್ಟವರಿಗೆ ಕೃತಜ್ಞತೆ ಸಲ್ಲಬೇಕು, ನಿಜ. ಆದರೆ ದಾನದ ಹಣಕ್ಕೆ ಅವಧಿಯುಂಟು. ಮೂರು ನಾಲ್ಕು ವರ್ಷ ಮುಗಿದೊಡನೆ ಜಮಾಖರ್ಚು ಒಪ್ಪಿಸಬೇಕು, ಬಾಡಿಗೆ ಕೊಠಡಿ ತೆರವು ಮಾಡಬೇಕು, ನೇಮಿಸಿಕೊಂಡ ದಾದಿಯರನ್ನು ಮನೆಗೆ ಕಳುಹಿಸಬೇಕು. ಫಲಿಸಿದ ಕ್ರಮವೂ ಅವರೊಡನೆಯೇ ಹೊರಟುಹೋಗುವ ಅಪಾಯವಿದೆ. ಪ್ರಶ್ನೆ ಯಾವುದೆಂದು ನಿರ್ಧರಿಸುವವರು ದೂರದೇಶದಲ್ಲಿದ್ದರೆ, ಹೊಸಕೋಟೆಯ ಪ್ರಶ್ನೆ ಅವರ ಪಟ್ಟಿಯಲ್ಲಿ ಬರುವುದೂ ಕಷ್ಟ.

ಇಲ್ಲಿ ನಮ್ಮ ಜಿಲ್ಲೆಗೆ ಒಂದು ಅನುಕೂಲವುಂಟು. ೨೦೧೩ರ ಕಂಪೆನಿ ಕಾಯಿದೆಯ ೧೩೫ನೆಯ ಪ್ರಕರಣದಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯಗಳ, ವೈದ್ಯಕೀಯ ಸಂಶೋಧನಾ ಮಂಡಳಿಯಂಥ ಸಂಸ್ಥೆಗಳ ಸಂಶೋಧನೆಗೂ ಆ ಹಣವನ್ನು ಕೊಡಬಹುದೆಂದು ೨೦೧೯ರಲ್ಲಿ ಸ್ಪಷ್ಟಪಡಿಸಿದ್ದಾರೆ. ನಾಲ್ಕೂ ತಾಲ್ಲೂಕುಗಳಲ್ಲಿ ಕಾರ್ಖಾನೆಗಳಿಗೆ ಬರವಿಲ್ಲ. ಆ ಹಣ ಬಸ್ ತಂಗುದಾಣವಾಗಿಯೋ, ಶಾಲೆಯ ಗೋಡೆಯ ಬಣ್ಣವಾಗಿಯೋ, ಒಂದು ದಿನದ ತಪಾಸಣಾ ಶಿಬಿರವಾಗಿಯೋ ಕಣ್ಣಿಗೆ ಕಾಣುವಂತೆ ವೆಚ್ಚವಾಗುವುದನ್ನು ಜನ ಬಲ್ಲರು. ಶಿಬಿರದಲ್ಲಿ ಬೆರಳು ಚುಚ್ಚಿ, ಚೀಟಿ ಕೊಟ್ಟು ಕಳುಹಿಸಿದವನು ಆಮೇಲೆ ಏನಾದನೆಂದು ವಿಚಾರಿಸುವವರಾರು? ಹಾಗೆ ವಿಚಾರಿಸಿ ಬರೆದಿಡುವುದಕ್ಕೆ ಫಲಕ ನೆಡುವಂಥ ಕಟ್ಟಡವೇನೂ ಬೇಡ. ಅದಕ್ಕೇ ಹಣವೂ ಬರುವುದಿಲ್ಲ.

ಫಿನ್ಲೆಂಡಿನವರು ನಮಗಾಗಿ ಉತ್ತರಿಸಲಾಗದ ಪ್ರಶ್ನೆಗಳು ಇಲ್ಲಿ ಬೇಕಾದಷ್ಟಿವೆ. ರಾಗಿಯನ್ನೇ ತೆಗೆದುಕೊಳ್ಳಿ. ಸಕ್ಕರೆ ರೋಗಕ್ಕೆ ರಾಗಿ ಮದ್ದೆಂದು ಊರೆಲ್ಲ ನಂಬಿದೆ. ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶ ಯಥೇಚ್ಛವಾಗಿದೆ, ಎಲ್ಲವೂ ಸರಿ. ಆದರೆ ನೂರು ಗ್ರಾಂ ರಾಗಿಯಲ್ಲಿ ಪಿಷ್ಟಪದಾರ್ಥ ಎಪ್ಪತ್ತು ಗ್ರಾಮಿನ ಹತ್ತಿರ. ಅಕ್ಕಿಗಿಂತ ತುಸುವೇ ಕಡಮೆ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆಗಳನ್ನು ಉಂಡು ಕುರ್ಚಿಯಲ್ಲಿ ಕುಳಿತವನಿಗೆ ಅದು ಮದ್ದಾಗಲಾರದು. ಮುದ್ದೆಯನ್ನು ಕಿರಿದು ಮಾಡಿ, ಬಸ್ಸಾರಿನ ಸೊಪ್ಪು ಕಾಳುಗಳನ್ನು ಇಮ್ಮಡಿ ಮಾಡಿದರೆ? ಒಪ್ಪತಕ್ಕ ಸಲಹೆಯೇ. ಅದನ್ನು ಅತ್ತೆಯ ಮುಂದೆ ಸೊಸೆ ಜಾರಿಗೆ ತರಬಲ್ಲಳೇ, ಮಗ್ಗದ ರಾತ್ರಿ ಪಾಳಿಯವನ ಬುತ್ತಿಗೆ ಅದು ಹೊಂದೀತೇ, ಸಂಜೆ ರಸ್ತೆಯಲ್ಲಿ ‘ವಾಕಿಂಗ್’ ಹೊರಟ ಹೆಂಗಸನ್ನು ಊರು ಏನೆಂದೀತು? ಇವನ್ನೆಲ್ಲ ಇಲ್ಲಿಯೇ ಪರೀಕ್ಷಿಸಿ ನೋಡಬೇಕಲ್ಲದೆ ಅನ್ಯಮಾರ್ಗವಿಲ್ಲ.

ಎಲ್ಲಕ್ಕಿಂತ ತುರ್ತಾದುದು ಬಾಣಂತಿಯ ಪ್ರಶ್ನೆ. ಗರ್ಭಿಣಿಗೆ ಮೊದಲ ಭೇಟಿಯಲ್ಲೊಮ್ಮೆ, ೨೪ರಿಂದ ೨೮ನೆಯ ವಾರದೊಳಗೆ ಮತ್ತೊಮ್ಮೆ ೭೫ ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷಿಸಬೇಕೆಂದು ಸರ್ಕಾರದ ನಿಯಮವಿದೆ. ಎರಡು ಗಂಟೆಯ ಮೇಲೆ ಸಕ್ಕರೆ ೧೪೦ ಮುಟ್ಟಿದರೆ ಬಸಿರಿನ ಸಕ್ಕರೆ ರೋಗ. ಹೆರಿಗೆಯಾದೊಡನೆ ಅದು ಸಾಮಾನ್ಯವಾಗಿ ಮಾಯವಾಗುತ್ತದೆ. ‘ಶುಗರ್ ಹೋಯಿತು’ ಎಂದು ಮನೆಯವರೆಲ್ಲ ಮರೆಯುತ್ತಾರೆ. ಅಂಥ ಹೆಂಗಸಿಗೆ ಮುಂದೆ ರೋಗ ಬರುವ ಸಂಭವ ಇತರರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು. ಆದಕಾರಣ ಆರು ವಾರಕ್ಕೆ ಮತ್ತೆ ಪರೀಕ್ಷಿಸಬೇಕೆಂದೂ ನಿಯಮದಲ್ಲಿದೆ. ಆ ಹೊತ್ತಿಗೆ ಬಾಣಂತಿ ತವರಿನಲ್ಲಿ. ತಾಯಿ ಕಾರ್ಡು ಬರೆದ ಆಶಾ ಗಂಡನ ಊರಿನಲ್ಲಿ. ಇಂಥ ತಾಯಂದಿರಿಗೆ ಊಟ ನಡಿಗೆಗಳ ಪಾಠ ಹೇಳಿಕೊಡುವ ಪ್ರಯೋಗವನ್ನು ಭಾರತ, ಬಾಂಗ್ಲಾದೇಶ, ಶ್ರೀಲಂಕಾಗಳ ೧೯ ಆಸ್ಪತ್ರೆಗಳಲ್ಲಿ ನಡೆಸಿ ೨೦೨೨ರಲ್ಲಿ ಫಲ ಪ್ರಕಟಿಸಿದರು. ಪಾಠ ಕೇಳಿದವರಿಗೂ ಕೇಳದವರಿಗೂ ಎಣಿಸತಕ್ಕ ಭೇದ ಕಾಣಲಿಲ್ಲ. ಕಂಕುಳಲ್ಲಿ ಹಸುಗೂಸಿರುವವಳು ತನ್ನ ಮೈಯ ಪಾಠಕ್ಕೆ ಎಷ್ಟು ಗಂಟೆ ಕೊಟ್ಟಾಳು?

ಆದರೆ ಕೂಸಿಗಾಗಿ ಅವಳು ಬಂದೇ ಬರುತ್ತಾಳೆ. ಆರನೆಯ ವಾರಕ್ಕೆ ಲಸಿಕೆಯ ಸರದಿ. ತವರಿನಲ್ಲಿದ್ದರೂ ಹತ್ತಿರದ ಅಂಗನವಾಡಿಗೋ ಉಪಕೇಂದ್ರಕ್ಕೋ ಮಗುವನ್ನೆತ್ತಿಕೊಂಡು ಬರುವಳು. ಅದೇ ಬೆಳಗ್ಗೆ, ಅದೇ ಬೆಂಚಿನ ಮೇಲೆ, ಕೂಸಿನ ತೊಡೆಗೆ ಒಂದು ಸೂಜಿ, ತಾಯಿಯ ರಕ್ತಕ್ಕೆ ಒಂದು ಸೂಜಿ. ಗ್ಲೂಕೋಸ್ ಕುಡಿದು ಎರಡು ಗಂಟೆ ಅಲ್ಲಿಯೇ ಕೂರಲು ಎಷ್ಟು ಮಂದಿ ಒಪ್ಪುವರು, ಕೂಸನ್ನು ಅಷ್ಟು ಹೊತ್ತು ಹಿಡಿಯುವವರಾರು, ಫಲ ಗಂಡನ ಊರಿನ ಆಶಾಳ ಪುಸ್ತಕಕ್ಕೆ ಸೇರುವುದು ಹೇಗೆ? ಇದನ್ನು ತಿಳಿಯಲು ದೊಡ್ಡಬಳ್ಳಾಪುರದ ಎರಡು ಹೋಬಳಿಗಳು, ಒಂದು ವರ್ಷದ ಕಾಲ, ನಾಲ್ಕಾರು ಆರೋಗ್ಯ ಸಹಾಯಕಿಯರು, ಒಂದು ದಫ್ತರ ಸಾಕು.